ಪುಟ್ಟಿಗೆ, ಆಮ್ಸ್ಟೆಲ್‌ವೇನಿನಿಂದ

ಪುಟ್ಟಿ,

ಗ್ರೋನಿಂಗನ್ ತಲುಪಿದೆ ಅಂತ ಅಮ್ಮನಿಗೆ ಮೆಸೇಜ್ ಹಾಕಿದ್ದೀಯ. ನನಗೂ ಹಾಕಬೇಕಿತ್ತು ಅಂತ ಕೇಳುವ ಮುಖ ನನಗಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. 'ಮಕ್ಕಳಿಗೆ ಪಲ್ಟಿ ಹೊಡೆಯೋದು ಹೇಳ್ಕೊಡೋದೂ ಒಂದು ಕೆಲಸವಾ' ಅಂದೆನಲ್ಲ, ಆ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ತಪ್ಪಾಯಿತು.

ನಿನ್ನ ಕೋಣೆಯಲ್ಲಿ 1928ರ ಡಚ್ ಹುಡುಗಿಯರ ತಂಡದ ಫೋಟೋ ಹಾಗೇ ಇದೆ. ಇಷ್ಟು ವರ್ಷ ಅದರ ಮುಂದೆ ಓಡಾಡಿದೆ, ನಿಂತು ನೋಡಿರಲಿಲ್ಲ. ಈ ವಾರ ಕೂತು ಓದಿದೆ. ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್ ಅದೇ ಮೊದಲು. ಅದೂ ಇಲ್ಲೇ, ಆಮ್ಸ್ಟರ್‌ಡ್ಯಾಮ್‌ನಲ್ಲಿ. ಇವರಿಗೆ 316.75 ಅಂಕ, ಚಿನ್ನ. ಎರಡನೆಯ ಇಟಲಿಗೆ 289. ತಂಡದಲ್ಲಿ ಐವರು ಯಹೂದಿಗಳು. ಕಲಿಸಿದ ಗೆರಿಟ್ ಕ್ಲೇರೆಕೋಪರ್ ಕೂಡ ಯಹೂದಿ. ಹೊಟ್ಟೆಪಾಡಿಗೆ ವಜ್ರ ಕತ್ತರಿಸುವ ಕೆಲಸ. ಅವತ್ತು ನೀನು 'ಕ್ಲೇರೆಕೋಪರ್' ಅಂತ ಶುರು ಮಾಡಿದಾಗ ನಾನು ಮಧ್ಯೆ ಬಾಯಿ ಹಾಕಿದ್ದೆ.

ಭಾನುವಾರ ವೇಸ್ಪರ್‌ಸ್ಟ್ರಾಟ್‌ನ ಸ್ಮಾರಕಕ್ಕೆ ಹೋಗಿದ್ದೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಕೊಂದ ಈ ದೇಶದವರ ನೆನಪಿಗೆ ಕಟ್ಟಿದ್ದು. 1,02,000ಕ್ಕೂ ಜಾಸ್ತಿ ಇಟ್ಟಿಗೆ. ಒಂದೊಂದರ ಮೇಲೂ ಹೆಸರು, ಹುಟ್ಟಿದ ದಿನ, ತೀರಿಕೊಂಡಾಗಿನ ವಯಸ್ಸು. ನಾನು ಹುಡುಕಿ ಹೋದದ್ದು ಕ್ಲೇರೆಕೋಪರ್ ಹೆಸರನ್ನು. ಅಕ್ಷರದ ಸಾಲು ಹಿಡಿದು ಮುಂದೆ ಹೋದರೆ ಕ್ಲೋಟ್. ನಿನ್ನ ಫೋಟೋದಲ್ಲಿರುವ ಹೆಲೆನಾ ನೋರ್ಡ್‌ಹೈಮ್ ಮದುವೆಯಾಗಿ ಸೇರಿದ ಮನೆ. ಅವಳ ಮಗಳು ರೆಬೆಕ್ಕಾ. ವಯಸ್ಸು 10.

ಆ 10ರ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ನಿಂತೆನೋ. ಹತ್ತು ವರ್ಷಕ್ಕೆ ನೀನು ಬೀಮ್ ಮೇಲಿಂದ ಬಿದ್ದು, ಅಳದೆ ನನ್ನ ಕಡೆ ತಿರುಗಿ ನೋಡಿದ್ದೆ. ಅಪ್ಪ ಇದ್ದಾನಾ ಅಂತ.

1943ರ ಜುಲೈ 2, ನಾಜಿಗಳ ಕೊಲೆ ಶಿಬಿರ ಸೋಬಿಬೋರ್. ಹೆಲೆನಾ, ಗಂಡ, ರೆಬೆಕ್ಕಾ. ಅದೇ ದಿನ, ಅದೇ ಜಾಗದಲ್ಲಿ ಕ್ಲೇರೆಕೋಪರ್, ಅವರ ಹೆಂಡತಿ, 14 ವರ್ಷದ ಮಗಳು ಎಲಿಸಬೆತ್. ಕಲಿಸಿದವರು, ಕಲಿತವಳು, ಇಬ್ಬರ ಹೆಣ್ಣುಮಕ್ಕಳು. ಒಂದೇ ದಿನ, ಪುಟ್ಟಿ. ಮನೆಗೆ ಬಂದ ಮೇಲೂ ಆ ತಾರೀಖೇ ಕಣ್ಣ ಮುಂದೆ. ರೆಬೆಕ್ಕಾ ಯಾರ ಕಡೆ ತಿರುಗಿ ನೋಡಿರಬೇಕು? ತಂಡದ ಆ ಐವರು ಯಹೂದಿ ಹುಡುಗಿಯರಲ್ಲಿ ಬದುಕಿ ಉಳಿದದ್ದು ಎಲ್ಕಾ ಡೆ ಲೆವಿ ಒಬ್ಬಳೇ.

ನಾವು ಹೊರಗಿನಿಂದ ಬಂದವರು. ಡಿಗ್ರಿ, ಪಾಸ್‌ಪೋರ್ಟ್, ಬ್ಯಾಂಕಿನಲ್ಲಿ ನಾಲ್ಕು ಕಾಸು ಇದ್ದರೆ ನಿನಗೆ ಕಾವಲು ಅಂದುಕೊಂಡಿದ್ದೆ. ಅವರೋ ಇದೇ ಊರಿನವರು. ಈ ದೇಶಕ್ಕೆ ಚಿನ್ನ ಗೆದ್ದುಕೊಟ್ಟವರು. ಅದೂ ಕಾಯಲಿಲ್ಲ. ಅವತ್ತು ನಾನು ರೇಗಿದ್ದು ನಿನ್ನ ಕೆಲಸದ ಮೇಲಲ್ಲ, ಈ ಹೆದರಿಕೆಗೆ.

ಆದರೂ ಕರಾರು ಓದದೆ ಸಹಿ ಹಾಕಬೇಡ. ಪಿಂಚಣಿಗೆ ಎಷ್ಟು ಕಟ್ಟುತ್ತಾರೆ ಕೇಳು. ಮಕ್ಕಳನ್ನು ಎತ್ತಿ ಹಿಡಿಯುವಾಗ ನಿನ್ನ ಸೊಂಟ ಜೋಪಾನ. ಬಾಡಿಗೆ ಕಡಿಮೆ ಅಂತ ಊರಾಚೆ ಮನೆ ಹಿಡಿದು ರಾತ್ರಿ ಒಬ್ಬಳೇ ಸೈಕಲ್‌ನಲ್ಲಿ ಬರಬೇಡ. ಹಣ ಸಾಲದಿದ್ದರೆ ಅಮ್ಮನಿಗಲ್ಲ, ನನಗೆ ಹೇಳು.

ಮೊದಲ ದಿನವೇ ಹನ್ನೊಂದು ಮಕ್ಕಳು ಬಂದರಂತೆ, ಅಮ್ಮ ಹೇಳಿದಳು. ಆಫೀಸಿನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಶನಿವಾರದ ಕ್ಲಾಸು ಎಷ್ಟು ಗಂಟೆಗೆ ಅಂತ ತಿಳಿಸು. ಚಟ್ನಿಪುಡಿ ತರುತ್ತೇನೆ. ಬಾಗಿಲ ಹತ್ತಿರ ಸುಮ್ನೆ ನಿಂತು ನೋಡುತ್ತೇನೆ, ಅಷ್ಟೇ.

ನಿನ್ನ
ಅಪ್ಪ