ಒಬ್ಬರೇ ಪಾಷಾಣ ಇಟ್ಟರೆ ಇಲಿ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಡಿದರೆ ಸಾಕು, ಗದಗ-ಬೆಟಗೇರಿಯ ಹಳೇ ಓಣಿಗಳಲ್ಲಿ ಗಟಾರದ ಹೆಗ್ಗಣಗಳು ಮನೆ, ಅಂಗಡಿ ಸೇರುತ್ತವೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ, ಇಲಿ ಪಾಷಾಣ ತಂದು ಮೂಲೆಗಿಟ್ಟು ಶಟರ್ ಎಳೆಯುವುದು. ನಾಲ್ಕು ದಿನ ಸದ್ದಿರುವುದಿಲ್ಲ, ಆಮೇಲೆ ಮತ್ತೆ ಅದೇ ಕಟಕಟ. ಪೇಟೆಯ ಅಂಗಡಿಗಳಿಗೆ ನಡುಗೋಡೆ ಒಂದೇ, ಹಿಂದಿನ ಗಟಾರ ಒಂದೇ. ನಾನು ನನ್ನ ಅಂಗಡಿಯದನ್ನು ಕೊಂದರೆ ಆ ಜಾಗಕ್ಕೆ ಪಕ್ಕದ ಗೋದಾಮಿನದು ಬರುತ್ತದೆ, ಅಷ್ಟೇ. ಬೋನಿಗೆ ಬಿದ್ದದ್ದನ್ನು ಮುಂದಿನ ಓಣಿಗೆ ಬಿಟ್ಟು ಬರುವ ಪುಣ್ಯಾತ್ಮರೂ ಇದ್ದಾರೆ!

ನಾನು ಕಿರಾಣಿ ಅಂಗಡಿಯವ. ಶೇಂಗಾ, ಕಡ್ಲಿ ಚೀಲ ಇಟ್ಟುಕೊಂಡವರಿಗೆ ಇಲಿ ಕಾಣುವ ಮೊದಲೇ ಅದರ ಗುರುತು ಕಾಣಬೇಕು. ಇಲಿ ದಿನಾ ಒಂದೇ ದಾರಿಯಲ್ಲಿ ಗೋಡೆಗೆ ಮೈ ತಿಕ್ಕಿಕೊಂಡು ಓಡುತ್ತದೆ, ಹಾಗಾಗಿ ಗೋಡೆಯ ಬುಡದಲ್ಲಿ, ತೊಲೆಯ ಮೇಲೆ ಕರ್ರಗೆ ಜಿಡ್ಡಿನ ಗೆರೆ ಬೀಳುತ್ತದೆ. ಹಿಕ್ಕೆ ಅಕ್ಕಿಕಾಳಿನಷ್ಟಿದ್ದರೆ ಅದು ಚಿಕ್ಕ ಇಲಿ, ಅರ್ಧ ಇಂಚಿನಷ್ಟಿದ್ದು ಎರಡೂ ತುದಿ ಚೂಪಾಗಿದ್ದರೆ ಮಾಡಿನ ಮೇಲೆ ಓಡಾಡುವ ಇಲಿ. ಮಾಡಿನ ಇಲಿಗೆ ನೆಲದ ಮೇಲೆ ಬೋನು ಇಟ್ಟು ಕಾದರೆ ಏನು ಬಂತು? ಹಿಕ್ಕೆ ಹೊಳೆಯುತ್ತಾ ಮೆತ್ತಗಿದ್ದರೆ ಅವು ಇನ್ನೂ ಒಳಗೇ ಇವೆ ಅಂತ ಅರ್ಥ. ಅನುಮಾನ ಇದ್ದರೆ ರಾತ್ರಿ ಗೋಡೆ ಬದಿಗೆ ತೆಳ್ಳಗೆ ಹಿಟ್ಟು ಉದುರಿಸಿ, ಬೆಳಿಗ್ಗೆ ಹೆಜ್ಜೆ ನೋಡಿ.

ಮೊದಲು ಮಾಡಬೇಕಾದದ್ದು ಕಂಡಿ ಮುಚ್ಚುವುದು. ಚಿಕ್ಕ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದಿ ಸಾಕು, ದೊಡ್ಡದಕ್ಕೆ ಅರ್ಧ ಇಂಚು. ಅರಿವೆ ತುರುಕಿದರೆ ಒಂದೇ ರಾತ್ರಿಗೆ ಹರಿದು ಹಾಕುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ತಂತಿ ಒತ್ತಿ ತುಂಬಿ, ಮೇಲೆ ಸಿಮೆಂಟ್ ಮೆತ್ತಬೇಕು. ಬಚ್ಚಲ ಪೈಪಿನ ಬಾಯಿಗೆ ಜಾಳಿಗೆ, ಶಟರ್ ಕೆಳಗಿನ ಸಂದಿಗೆ ತಗಡಿನ ಪಟ್ಟಿ. ಚೀಲಗಳನ್ನು ಗೋಡೆಗೆ ಒತ್ತಿ ಪೇರಿಸದೆ, ಹಲಗೆ ಮೇಲೆ, ಗೋಡೆಯಿಂದ ಅರ್ಧ ಮೀಟರ್ ಬಿಟ್ಟು ಇಟ್ಟರೆ ಹಿಂದೆ ಕಸಬರಿಗೆ ಆಡುತ್ತದೆ, ಇಲಿಗೆ ಗೂಡು ಕಟ್ಟಲು ಮರೆ ಸಿಗುವುದಿಲ್ಲ.

ಇನ್ನು ಪಾಷಾಣದ ಮಾತು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಜಿಂಕ್ ಫಾಸ್ಫೈಡ್, ಅಂದರೆ ಆ ಕಪ್ಪು ಪುಡಿ, ಸ್ವಲ್ಪ ತಿಂದು ಸಾಯದೆ ಬದುಕಿದ ಇಲಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಬ್ರೋಮಾಡಿಯೋಲೋನ್ ಕೇಕ್ ತಿಂದ ಇಲಿ ಸಾಯಲು ಮೂರ್ನಾಲ್ಕು ದಿನ ಬೇಕು, ನಾವು ಮರುದಿನವೇ "ಔಷಧಿ ಡೂಪ್ಲಿಕೇಟು" ಅಂತ ಅಂಗಡಿಯವನ ಮೇಲೆ ಹರಿಹಾಯುತ್ತೇವೆ. ನನಗೆ ನಿಜವಾಗಿ ಭಯ ಇರುವುದು ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟಿನದು. ನೋಡಲು ಥೇಟ್ ಟೂತ್‌ಪೇಸ್ಟ್. ಅದನ್ನು ಬಿಸ್ಕೀಟಿಗೆ, ಟೊಮೆಟೊಗೆ ಹಚ್ಚಿ ಮನೆಯಲ್ಲಿ ಇಡುತ್ತಾರೆ, ಅದೇ ಮನೆಯಲ್ಲಿ ಮಕ್ಕಳು ಅಂಬೆಗಾಲಿಡುತ್ತಿರುತ್ತವೆ. ಹೊಟ್ಟೆಗೆ ಹೋದರೆ ಮೊದಲೊಂದೆರಡು ದಿನ ಆರಾಮ ಇದ್ದಂತೆ ಕಂಡು, ಆಮೇಲೆ ಲಿವರ್ ಕೈಕೊಡುತ್ತದೆ. ಅದಕ್ಕೆ ಪ್ರತ್ಯೌಷಧ ಇಲ್ಲ. ನಾನಂತೂ ಅದನ್ನು ಮಾರುವುದಿಲ್ಲ. ಉಳಿದ ಅಂಗಡಿಕಾರರೂ ಬಿಡಬೇಕು.

ಹಿಕ್ಕೆಯನ್ನು ಒಣದೇ ಗುಡಿಸಬೇಡಿ, ಬ್ಲೀಚಿಂಗ್ ನೀರು ಹಾಕಿ ನೆನೆಸಿ ಒರೆಸಿ. ಇಲಿ ಜ್ವರ ಬರುವುದು ಇಲಿಯ ಉಚ್ಚೆ ಬೆರೆತ ನೀರಿನಿಂದ. ಕಾಲಿಗೆ ಗಾಯ ಇದ್ದಾಗ ಗಟಾರದ ನೀರು ತುಳಿಯಲೇಬಾರದು.

ನಮ್ಮ ಕಡೆ ಗಣಪತಿ ಕೂರಿಸಿದ ಮರುದಿನ ಇಲಿ ವಾರ ಮಾಡುತ್ತಾರೆ, ಸೀರೆ, ನೂಲು ಕಡಿಯದಿರಲಿ ಅಂತ ನೇಕಾರರು ಇಲಿಗೆ ಕೈಮುಗಿಯುತ್ತಾರೆ. ಮುಗಿಯಲಿ, ಬೇಡ ಅನ್ನುವುದಿಲ್ಲ. ಮಗ್ಗದ ಗುಂಡಿ ಬದಿಯ ಕಂಡಿಯನ್ನೂ ಅವತ್ತೇ ಮುಚ್ಚಿಬಿಡಲಿ.

ನಗರಸಭೆಗೆ ಎರಡೇ ಕೋರಿಕೆ. ಪೇಟೆಯ ಗಟಾರಗಳಿಗೆ ಕಲ್ಲುಚಪ್ಪಡಿ ಹಾಕಿಸಿ. ಖಾನಾವಳಿಗಳ ಮುಸುರೆಯನ್ನು ಬೆಳಿಗ್ಗೆ ಬದಲು ರಾತ್ರಿಯೇ ಒಯ್ಯಿಸಿ, ಯಾಕಂದರೆ ಇಲಿಯ ಊಟದ ಹೊತ್ತು ಅದೇ. ಉಳಿದದ್ದು ನಮ್ಮ ಕೆಲಸ. ಒಂದು ಸಾಲಿನ ಅಂಗಡಿ, ಮನೆ, ಗೋದಾಮು ಎಲ್ಲವೂ ಒಂದೇ ವಾರದಲ್ಲಿ ಕಂಡಿ ಮುಚ್ಚಿ ಬೋನು ಇಡಬೇಕು. ನಮ್ಮ ಸಾಲಿನವರು ಒಪ್ಪಿದ್ದಾರೆ, ಹಿಂದಿನ ಸಾಲಿನ ಗೋದಾಮಿನವರೂ ಬಂದರೆ ಗೌಂಡಿ ಪಗಾರ ಎಲ್ಲರೂ ಹಂಚಿಕೊಂಡರಾಯಿತು.

– ಒಬ್ಬ ಕಿರಾಣಿ ವ್ಯಾಪಾರಿ, ಬೆಟಗೇರಿ