ಬಿಳುಪಿನ ಮುಲಾಮು: ಚೀಟಿಯಿಲ್ಲದ ಮಾರಾಟ ನಿಲ್ಲಲಿ

ಮಾನ್ಯ ಸಂಪಾದಕರೇ,

ಮದುವೆಯ ಹಂಗಾಮು ಹತ್ತಿರವಾದಂತೆ ಕಾರವಾರದಿಂದ ಭಟ್ಕಳದವರೆಗಿನ ಪೇಟೆಗಳಲ್ಲಿ ಮುಖ ಬೆಳ್ಳಗಾಗಿಸುವ ಮುಲಾಮುಗಳನ್ನು ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಇವುಗಳಲ್ಲಿ ಕೆಲವು ಸೌಂದರ್ಯವರ್ಧಕಗಳೇ ಅಲ್ಲ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಹಾಗೂ ಮೊಮೆಟಾಸೋನ್‌ನಂಥ ಸ್ಟೆರಾಯ್ಡ್ ಬೆರೆಸಿ ತಯಾರಿಸಿದ, ಬಂಗಿನ ಚಿಕಿತ್ಸೆಗೆಂದು ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡಬೇಕಾದ ಔಷಧಗಳು. ಹಚ್ಚಿದ ಹೊಸದರಲ್ಲಿ ಮುಖ ತಿಳಿಯಾಗಿ ಕಾಣುವುದು ನಿಜ, ಆ ಕಾರಣಕ್ಕೇ ಅಕ್ಕನಿಗೆ ಬರೆದುಕೊಟ್ಟ ಟ್ಯೂಬು ತಂಗಿಗೆ, ತಂಗಿಯಿಂದ ನೆರೆಮನೆಗೆ ದಾಟುತ್ತದೆ.

ಆರೋಗ್ಯ ಇಲಾಖೆಯಲ್ಲಿ ಶುಶ್ರೂಷಕಿಯಾಗಿದ್ದ ನನಗೆ ಇದರ ಮುಂದಿನ ಕಥೆ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗಿ ಕೆನ್ನೆಯ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಹೆಣ್ಣುಮಕ್ಕಳ ಗಲ್ಲದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖವೆಲ್ಲ ಕೆಂಪಾಗಿ ಉರಿಯುವುದರಿಂದ, ಅದನ್ನು ತಾಳಲಾರದೆ ಮತ್ತೆ ಅದೇ ಟ್ಯೂಬಿಗೆ ಮರಳುತ್ತಾರೆ. ಟ್ರೆಟಿನಾಯಿನ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಹೈಡ್ರೋಕ್ವಿನೋನನ್ನು ಬಹುಕಾಲ ಬಳಸಿದರೆ ಬೆಳ್ಳಗಾಗಬೇಕಿದ್ದ ಜಾಗವೇ ನೀಲಿಗಪ್ಪಾಗಬಹುದು. ಬಿಸಿಲಿಗೆ ಹೋಗಬೇಡಿ ಎಂದು ಆಸ್ಪತ್ರೆಯಲ್ಲಿ ಕುಳಿತು ಹೇಳಿಬಿಡಬಹುದು. ಬುಟ್ಟಿ ಹೊತ್ತು ಮೀನು ಮಾರುವವರು, ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ದುಡಿಯುವವರು ಎಲ್ಲಿಗೆ ಹೋಗಬೇಕು?

ಸರಿಯಾದ ಲೇಬಲ್ ಇಲ್ಲದೆ ಬರುವ ಕೆಲವು ಕ್ರೀಮುಗಳು ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅವುಗಳಲ್ಲಿ ಪಾದರಸವಿರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುವ ಈ ವಿಷ ಚರ್ಮದ ಮೂಲಕವೇ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕಾಲು ಊದುವುದು, ಮೂತ್ರದಲ್ಲಿ ನೊರೆ ಕಾಣುವುದು ಅದರ ಸೂಚನೆಗಳು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಬಳಸುತ್ತಿದ್ದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾದುದು 2023ರಲ್ಲಿ ಸುದ್ದಿಯಾಗಿತ್ತು. ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಆರಂಭಿಸಿತು.

ಬಣ್ಣದ ಹುಚ್ಚು ನಮಗೊಬ್ಬರಿಗೇ ಅಂಟಿದ್ದೇನಲ್ಲ. ಗೋಕರ್ಣದ ಕುಡ್ಲೆ ಮತ್ತು ಓಂ ತೀರಗಳಲ್ಲಿ ಮೈ ಕಂದಾಗಲೆಂದು ಬಿಸಿಲಿಗೆ ಮಲಗುವ ವಿದೇಶಿಯರನ್ನು ನಾವೇ ಕಾಣುತ್ತೇವೆ. ಅವರ ಊರುಗಳಲ್ಲಿ ಚಳಿಗಾಲದಲ್ಲೂ ಆ ಬಣ್ಣ ಬೇಕೆನ್ನುವವರಿಗಾಗಿ ಅತಿನೇರಳೆ ಕಿರಣ ಸೂಸುವ ಹಾಸಿಗೆಗಳಿರುವ ಅಂಗಡಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2009ರಲ್ಲಿ ಆ ಯಂತ್ರಗಳನ್ನು ತಂಬಾಕಿನ ಜೊತೆಗೆ, ಕ್ಯಾನ್ಸರ್ ತರುವುದು ಖಚಿತವಾದವುಗಳ ಮೊದಲನೇ ಗುಂಪಿಗೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಅವುಗಳನ್ನು ಸೌಂದರ್ಯದ ಬಳಕೆಗೆ ನಿಷೇಧಿಸಿತು, ಕೆಲವು ವರ್ಷಗಳ ಬಳಿಕ ಆಸ್ಟ್ರೇಲಿಯಾದ ರಾಜ್ಯಗಳೂ ಅಂಥ ಅಂಗಡಿಗಳನ್ನು ಮುಚ್ಚಿಸಿದವು. ಯುವಜನರಿಗೆ ಬುದ್ಧಿ ಹೇಳಿ ಸುಮ್ಮನಾಗದೆ ಮಾರುವವರ ಕೈಯನ್ನೇ ಕಟ್ಟಿದರು ಎಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಹೊಸ ಕಾನೂನೇನೂ ಬೇಕಾಗಿಲ್ಲ. ಹಚ್ಚುವ 14 ಸ್ಟೆರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಷೆಡ್ಯೂಲ್ ಎಚ್ ಪಟ್ಟಿಗೆ ತಂದಿದ್ದು, ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಹೆಸರು ಹೇಳಿದರೆ ಟ್ಯೂಬು ಕೈಗೆ ಬರುವ ಔಷಧ ಅಂಗಡಿಗಳು ನಮ್ಮ ಸುತ್ತಮುತ್ತ ಇವೆ. ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳು ಹಂಗಾಮಿಗೆ ಮೊದಲೇ ಈ ಅಂಗಡಿಗಳ ಮಾರಾಟದ ದಾಖಲೆ ಪರಿಶೀಲಿಸಬೇಕು. ಫ್ಯಾನ್ಸಿ ಅಂಗಡಿಗಳಲ್ಲಿ, ಜಾತ್ರೆಯ ಮಳಿಗೆಗಳಲ್ಲಿ ಸಿಗುವ ಲೇಬಲ್ ಇಲ್ಲದ ಕ್ರೀಮುಗಳ ಮಾದರಿಯನ್ನು ಪಾದರಸದ ಪರೀಕ್ಷೆಗೆ ಕಳುಹಿಸಬೇಕು.

ತಮ್ಮಲ್ಲೂ ಒಂದು ವಿನಂತಿಯಿದೆ. ಪತ್ರಿಕೆಗಳ ವಧು-ವರರ ಅಂಕಣದಲ್ಲಿ ಓದು, ಉದ್ಯೋಗಗಳ ಜೊತೆಗೆ ‘ಬೆಳ್ಳಗಿನ ವಧು ಬೇಕು’ ಎಂಬ ಮಾತು ಈಗಲೂ ಅಚ್ಚಾಗುತ್ತದೆ. ಜಾಹೀರಾತುಗಳಲ್ಲಿ ಕಪ್ಪು ಮೈಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಮಾರ್ಗಸೂಚಿ ಕೊಟ್ಟಿದ್ದರೂ ಈ ಸಣ್ಣ ಜಾಹೀರಾತುಗಳನ್ನು ಯಾರೂ ಪ್ರಶ್ನಿಸಿದಂತಿಲ್ಲ. ಮೈಬಣ್ಣದ ಉಲ್ಲೇಖವಿರುವ ವೈವಾಹಿಕ ಜಾಹೀರಾತನ್ನು ಸ್ವೀಕರಿಸುವುದಿಲ್ಲವೆಂದು ತಮ್ಮ ಪತ್ರಿಕೆಯೇ ಮೊದಲು ಪ್ರಕಟಿಸಬಹುದಲ್ಲವೇ?

– ನಿವೃತ್ತ ಶುಶ್ರೂಷಕಿ, ಅಂಕೋಲಾ