ಹಳ್ಳದ ಮೀನು ಎಣಿಸಲು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ನಮ್ಮ ಹಳ್ಳದ ಮೀನು ಎಣಿಸಲು ಐದಾರು ಜನ ಬೇಕು. ಕಾಲುಸಂಕದ ಹತ್ತಿರ ಸೇರೋಣ.

ಶೃಂಗೇರಿ ಮಠದ ಹತ್ತಿರ ತುಂಗೆಯಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಅಲ್ಲಿ ಎಷ್ಟು ದೊಡ್ಡ ಮೀನುಗಳಿವೆ ನೋಡಿದ್ದೀರಲ್ಲ. ತುಂಗೆಗೆ ಸೇರುವ ನಮ್ಮ ಹಳ್ಳಕ್ಕೆ ಆ ಕಾವಲಿಲ್ಲ. ಆದರೆ ಮೊದಲ ಮಳೆಗೆ ಹತ್ತುಮೀನು (ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಮೊಟ್ಟೆಯಿಡಲು ಮೇಲೇರುವುದು ಇಂಥ ಹಳ್ಳಗಳಿಗೇ ಅಲ್ವಾ? ಯಾವ ಮೀನು ಎಷ್ಟಿದೆ ಅಂತ ಬರೆದಿಟ್ಟರೆ ಮಾತ್ರ ಕಡಿಮೆಯಾಗಿದ್ದು ಗೊತ್ತಾಗುತ್ತದೆ. ಸುಮ್ನೆ ಅಂದಾಜು ಸಾಲದು.

ಬಲೆಗೆ ಬಿದ್ದ ಮೀನನ್ನು ಬಕೆಟ್ ನೀರಿಗೆ ಹಾಕಿ, ಉದ್ದ ಅಳೆದು, ಫೋಟೋ ತೆಗೆದು ಅಲ್ಲೇ ಬಿಡಬೇಕು. ಕೈ ಒದ್ದೆ ಇರಲಿ, ಒಣಕೈ ತಾಗಿದರೆ ಮೀನಿನ ಮೈಯ ಲೋಳೆ ಹೋಗುತ್ತದೆ. ಜಿಗಣೆಗೆ ಸುಣ್ಣ ತನ್ನಿ. ಹಳೇ ಮೀನುಗಳ ಹೆಸರು ಬಲ್ಲ ಹಿರಿಯರು ದಯವಿಟ್ಟು ಬನ್ನಿ, ನೀವಿಲ್ಲದೆ ಆಗದು. ಬರುವವರು ಇಲ್ಲೇ ತಿಳಿಸಿ.